ಅಂಟಿಸುವುದಾ, ವೆಲ್ಡ್ ಮಾಡುವುದಾ? ಕರಾವಳಿಯ ಕಾರಿನ ಬಾಡಿ ರಿಪೇರಿಗೆ ಒಂದು ಸಮಗ್ರ ಮಾರ್ಗದರ್ಶಿ

"ಎಂತದು ಮಾರಾಯ್ರೆ, ಕಾರಿನ ಬಾಗಿಲನ್ನು ಗಮ್ಮು ಹಾಕಿ ಅಂಟಿಸುವುದಾ? ಶಿರಾಡಿ ಘಾಟಿಯಲ್ಲಿ ಕಳಚಿ ಬಿದ್ರೆ ಯಾರನ್ನು ಕೇಳುವುದು?"

ಬೈಕಂಪಾಡಿಯ ನಮ್ಮ ಶೆಡ್ಡಿಗೆ ಬರುವವರಲ್ಲಿ ಹೆಚ್ಚಿನವರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ನಾನು ಮಾತಾಡುವುದಿಲ್ಲ. ಅವರದೇ ಕಾರಿನ ಬಾನೆಟ್ ಎತ್ತಿ, ಒಳ ಫ್ರೇಮಿಗೂ ಹೊರ ಶೀಟಿಗೂ ನಡುವೆ ಇರುವ ರಬ್ಬರಿನಂಥ ಉಂಡೆಗಳನ್ನು ತೋರಿಸುತ್ತೇನೆ. ಅದು ಕಂಪನಿಯೇ ಹಾಕಿ ಕಳಿಸಿದ ಅಂಟು. ಬಾಗಿಲಿನ ಅಂಚಿನ ಮಡಿಕೆಯೊಳಗೆ ಇರುವುದೂ ಅಂಟು. ಎದುರಿನ ಗಾಜು ನಿಂತಿರುವುದೂ ಅಂಟಿನ ಮೇಲೆಯೇ. ಲೋಟಸ್ ಕಂಪನಿ 1996ರಲ್ಲೇ ಎಲಿಸ್ ಕಾರಿನ ಅಲ್ಯೂಮಿನಿಯಂ ಚಾಸಿಯನ್ನು ಅಂಟಿನಿಂದ ಜೋಡಿಸಿತ್ತು. ಅಂದರೆ ಅಂಟು ಹೊಸದೂ ಅಲ್ಲ, ಮೋಸವೂ ಅಲ್ಲ.

ಆದರೆ ನನಗೆ ಜಾಸ್ತಿ ಭಯ ಆಗುವುದು ಇನ್ನೊಂದು ಜಾತಿಯವರ ಬಗ್ಗೆ. ಒಮ್ಮೆ ಅಂಟಿನ ರುಚಿ ಸಿಕ್ಕಿದ ಮೇಲೆ ಎಲ್ಲವನ್ನೂ ಅಂಟಿಸಿಯೇ ಮುಗಿಸುವ ಆಸೆಯವರು. ಅಂಥವರಿಗೆ ಅಮೆರಿಕದ ಒಂದು ಕಥೆ ಹೇಳುತ್ತೇನೆ. 2010ರ ಒಂದು ಹೋಂಡಾ ಫಿಟ್, ಅಂದರೆ ನಮ್ಮಲ್ಲಿ ಜಾಝ್ ಹೆಸರಲ್ಲಿ ಓಡಿದ ಅದೇ ಕಾರು. ಆಲಿಕಲ್ಲು ಬಿದ್ದು ಅದರ ರೂಫ್ ಹಾಳಾಗಿತ್ತು. ಸ್ಪಾಟ್ ವೆಲ್ಡ್ (ಎರಡು ಶೀಟನ್ನು ಒತ್ತಿ ಹಿಡಿದು ಕರೆಂಟಿನಿಂದ ಚುಕ್ಕೆಚುಕ್ಕೆಯಾಗಿ ಬೆಸೆಯುವುದು) ಮಾಡಬೇಕು ಅಂತ ಕಂಪನಿಯ ಪುಸ್ತಕದಲ್ಲಿತ್ತು. ಶಾಪಿನವರು ಹೊಸ ರೂಫನ್ನು ಅಂಟು ಹಾಕಿ ಕೂರಿಸಿದರು. ಆಮೇಲೆ ಆ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಂಡ ದಂಪತಿಗೆ ಇದು ಗೊತ್ತೇ ಇರಲಿಲ್ಲ. 2013ರಲ್ಲಿ ಅಪಘಾತವಾಗಿ ಇಬ್ಬರೂ ಗಂಭೀರವಾಗಿ ಗಾಯಗೊಂಡರು. 2017ರಲ್ಲಿ ಡಲ್ಲಾಸಿನ ಜ್ಯೂರಿ, ರಿಪೇರಿ ಮಾಡಿದ ಶಾಪ್ 3.15 ಕೋಟಿ ಡಾಲರ್ ಕೊಡಬೇಕು ಅಂತ ತೀರ್ಪು ಕೊಟ್ಟಿತು.

ಚರ್ಮ ಯಾವುದು, ಎಲುಬು ಯಾವುದು

ನಾನು ಹುಡುಗರಿಗೆ ಹೇಳಿಕೊಡುವುದು ಇಷ್ಟೇ: ಚರ್ಮಕ್ಕೆ ಅಂಟು, ಎಲುಬಿಗೆ ವೆಲ್ಡಿಂಗ್.

ಬಾಗಿಲಿನ ಹೊರ ಶೀಟು, ಬಾನೆಟ್ಟಿನ ಹೊರ ಶೀಟು, ಡಿಕ್ಕಿಯ ಮೇಲಿನ ಶೀಟು ಇವೆಲ್ಲ ಚರ್ಮ. ರೂಫನ್ನು ಹೊತ್ತ ಪಿಲ್ಲರ್‌ಗಳು, ಚಾಸಿಯ ಉದ್ದ ರೈಲುಗಳು, ಸಸ್ಪೆನ್ಷನ್ ಕೂರುವ ಟವರ್, ಬಾಗಿಲಿನ ಕೆಳಗಿನ ಪೆಟ್ಟಿಗೆಯಂಥ ಭಾಗ (ನಾವು ರನ್ನಿಂಗ್ ಬೋರ್ಡ್ ಅಂತೇವೆ) ಇವು ಎಲುಬು. ಗುದ್ದಿದಾಗ ಪೆಟ್ಟು ತಿಂದು ಒಳಗಿನವರನ್ನು ಕಾಯುವುದು ಇವೇ.

ಗೊಂದಲ ಆಗುವುದು ರೂಫ್ ಮತ್ತು ಹಿಂದಿನ ಬಾಗಿಲಿನಿಂದ ಡಿಕ್ಕಿಯವರೆಗಿನ ಪಕ್ಕದ ಶೀಟಾದ ಕ್ವಾರ್ಟರ್ ಪ್ಯಾನೆಲ್‌ನಲ್ಲಿ. ಆ ಜಾಝ್‌ನ ರೂಫ್ ನೋಡಲಿಕ್ಕೆ ಚರ್ಮ, ಕೆಲಸದಲ್ಲಿ ಎಲುಬು. ಕೆಲವು ಕಾರುಗಳಲ್ಲಿ ರೂಫಿಗೆ ಅಂಟನ್ನು ಕಂಪನಿಯೇ ಒಪ್ಪುತ್ತದೆ, ಕೆಲವುಗಳಲ್ಲಿ ಇಲ್ಲ. ಹಾಗಾಗಿ ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ. ಆ ಮಾಡೆಲ್ಲಿನ ರಿಪೇರಿ ಪುಸ್ತಕ ನೋಡಿ. ಪುಸ್ತಕ ಸಿಗದಿದ್ದರೆ ಹಳೆಯ ಜೋಡಣೆಯನ್ನೇ ಓದಿ. ಸ್ಪಾಟ್ ಇದ್ದಲ್ಲಿ ಸ್ಪಾಟ್, ಅಂಟು ಇದ್ದಲ್ಲಿ ಅಂಟು, ಎರಡೂ ಇದ್ದಲ್ಲಿ ಎರಡೂ. ಕಂಪನಿಗಿಂತ ನಾವು ಬುದ್ಧಿವಂತರಾಗುವುದು ಬೇಡ.

ಬಿಸಿಯೂ ಉಪ್ಪೂ

ಚರ್ಮಕ್ಕೆ ಅಂಟೇ ಯಾಕೆ? ಬೆಂಗಳೂರಿನವರು ಕೇಳಿದರೆ ಶೀಟು ಸೊಟ್ಟಗಾಗುವುದಿಲ್ಲ ಅಂತ ಹೇಳಿ ಸುಮ್ಮನಾಗಬಹುದು. ನಮಗೆ ಇನ್ನೊಂದು ದೊಡ್ಡ ಕಾರಣ ಇದೆ.

ಈಗಿನ ಹೆಚ್ಚಿನ ಕಾರುಗಳ ಶೀಟಿಗೆ ಸತುವಿನ ಲೇಪ ಇರುತ್ತದೆ. ಸತು ಕರಗುವುದು ಸುಮಾರು 420 ಡಿಗ್ರಿಯಲ್ಲಿ, 907 ಡಿಗ್ರಿಗೆ ಆವಿಯಾಗಿ ಹೋಗುತ್ತದೆ. ಉಕ್ಕು ಕರಗಬೇಕಾದರೆ ಸುಮಾರು 1500 ಡಿಗ್ರಿ ಬೇಕು. ಅಂದರೆ ವೆಲ್ಡ್ ಆಗುವಷ್ಟು ಬಿಸಿ ಬಂದಾಗ ಸುತ್ತಲಿನ ಸತು ಆಗಲೇ ಹಾರಿಹೋಗಿರುತ್ತದೆ, ಮುಂದೆಯೂ ಹಿಂದೆಯೂ. ಮುಂದಿನದಕ್ಕೆ ಪೇಂಟ್ ಹೊಡೆಯುತ್ತೀರಿ. ಬಾಗಿಲಿನೊಳಗೆ, ಕೈ ಹೋಗದ ಹಿಂಬದಿಗೆ ಏನು ಮಾಡುತ್ತೀರಿ?

ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ. ಮಳೆ ನಿಂತರೆ ಸಮುದ್ರದ ಉಪ್ಪು ಗಾಳಿ. ಅದರ ಮೇಲೆ ಎನ್‌ಎಚ್ 66ರಲ್ಲಿ ಮೀನಿನ ಲಾರಿಯ ಹಿಂದೆ ಸಿಕ್ಕಿಬಿದ್ದರೆ ಉಪ್ಪು ನೀರಿನ ಅಭಿಷೇಕ. ಮಲ್ಪೆಯಿಂದ ಬರುವ ಒಬ್ಬರ ಕಾರಿಗೆ ಬೇರೆ ಎಲ್ಲೋ ಬಾಗಿಲಿನ ಅಂಚಿಗೆ ವೆಲ್ಡಿಂಗ್ ಮಾಡಿಸಿದ್ದರು. ಎರಡನೇ ಮಳೆಗಾಲಕ್ಕೆ ವೆಲ್ಡ್ ಇದ್ದ ಜಾಗದಲ್ಲೇ, ಲೆಕ್ಕ ಮಾಡಿ ಇಟ್ಟ ಹಾಗೆ, ಪೇಂಟಿನ ಗುಳ್ಳೆ ಸಾಲು. ಬೆರಳಲ್ಲಿ ಒತ್ತಿದರೆ ಹಪ್ಪಳದ ಹಾಗೆ ಪುಡಿಯಾಯಿತು.

ಅಂಟಿಗೆ ಬಿಸಿ ಬೇಡ. ಅದೂ ಅಲ್ಲದೆ ಎರಡು ಶೀಟಿನ ನಡುವೆ ತುಂಬಿಕೊಂಡು ನೀರಿಗೆ ದಾರಿಯನ್ನೇ ಬಿಡುವುದಿಲ್ಲ.

ಅದರ ದೌರ್ಬಲ್ಯವೂ ಗೊತ್ತಿರಲಿ. ಕಾವಲಿಗೆ ಹಿಡಿದ ನೀರುದೋಸೆಯನ್ನು ಪಕ್ಕಕ್ಕೆ ತಳ್ಳಿ ನೋಡಿ, ಜಪ್ಪಯ್ಯ ಅಂದರೂ ಕದಲುವುದಿಲ್ಲ. ಒಂದು ಮೂಲೆ ಎಬ್ಬಿಸಿ ಎಳೆದರೆ ಸುಲಭವಾಗಿ ಬರುತ್ತದೆ. ಅಂಟಿನ ಗುಣವೂ ಹಾಗೆಯೇ. ಪಕ್ಕಕ್ಕೆ ಜಾರಿಸುವ ಬಲವನ್ನು ಚೆನ್ನಾಗಿ ತಡೆಯುತ್ತದೆ, ಅಂಚಿನಿಂದ ಸುಲಿಯುವ ಬಲಕ್ಕೆ ಸೋಲುತ್ತದೆ. ಅದಕ್ಕೇ ಒಂದರ ಮೇಲೊಂದು ಅಗಲವಾಗಿ ಕೂರುವ ಜೋಡಣೆಯಲ್ಲಿ ಮಾತ್ರ ಅಂಟು. ಅಂಚಿಗೆ ಅಂಚು ತಾಗಿಸಿ ಅಂಟಿಸುವ ಕೆಲಸ ಎಂದೂ ಬೇಡ.

ಬಾಗಿಲಿನ ಸ್ಕಿನ್ (ಹೊರ ಶೀಟು) ಅಂಟಿಸುವ ಕ್ರಮ

ಬೇಕಾಗುವ ಅಂಟು ಲೋಹದ ಪ್ಯಾನೆಲ್‌ಗೆಂದೇ ಬರುವ ಎರಡು ಭಾಗದ ಎಪಾಕ್ಸಿ. ಮನೆಯ ಅರಾಲ್ಡೈಟಿನ ದೊಡ್ಡಣ್ಣ ಅನ್ನಿ. ಅರಾಲ್ಡೈಟನ್ನೇ ಹಚ್ಚಬೇಡಿ, ಎಂ-ಸೀಲ್ ಅಂತೂ ಮಾತೇ ಬೇಡ. ಕೊಳ್ಳುವಾಗ ಟ್ಯೂಬಿನ ತಾರೀಕು ನೋಡಿ. ಬಿಸಿಲಿಗೆ ಬಿದ್ದ ತಗಡಿನ ಶೆಡ್ಡಿನಲ್ಲಿ ವರ್ಷಗಟ್ಟಲೆ ಇಟ್ಟ ಮಾಲನ್ನು ಅರ್ಧ ರೇಟಿಗೆ ಕೊಟ್ಟರೂ ನಾನು ಮುಟ್ಟುವುದಿಲ್ಲ.

ಹೆಜ್ಜೆ 1. ಬ್ಯಾಟರಿ ಕಳಚಿ. ಬಾಗಿಲಿನ ಟ್ರಿಮ್, ಗಾಜು, ಲಾಕ್, ವಯರಿಂಗ್, ಕನ್ನಡಿ ಎಲ್ಲ ತೆಗೆಯಿರಿ. ಬಾಗಿಲು ಬಿಚ್ಚುವ ಮೊದಲು ಪಕ್ಕದ ಫೆಂಡರ್ ಮತ್ತು ಹಿಂದಿನ ಬಾಗಿಲಿನ ಜೊತೆ ಇರುವ ಗ್ಯಾಪನ್ನು ಅಳೆದು, ಮಾಸ್ಕಿಂಗ್ ಟೇಪಿನ ಮೇಲೆ ಅಲ್ಲಲ್ಲೇ ಬರೆದಿಡಿ. ಹಳೆ ಸ್ಕಿನ್ ಫ್ರೇಮಿನ ಮೇಲೆ ಎಲ್ಲಿ ಕೂತಿದೆ ಅಂತಲೂ ಗುರುತು ಮಾಡಿ. ಈ ಹತ್ತು ನಿಮಿಷ ಉಳಿಸಲು ಹೋದವರು ಕೊನೆಗೆ ಒಂದಿಡೀ ದಿನ ಕಳೆಯುತ್ತಾರೆ.

ಹೆಜ್ಜೆ 2. ಹೊರ ಶೀಟು ಒಳ ಫ್ರೇಮಿನ ಅಂಚನ್ನು ಸುತ್ತಿ ಮಡಿಚಿಕೊಂಡಿರುತ್ತದೆ. ಆ ಮಡಿಕೆಯ ತುದಿಯನ್ನು ಮಾತ್ರ 80 ಗ್ರಿಟ್ ಡಿಸ್ಕಿನಿಂದ ಉಜ್ಜಿ. ಶೀಟು ಎರಡಾಗಿ ಬಿಡುವ ಗೆರೆ ಕಂಡ ಕೂಡಲೇ ನಿಲ್ಲಿಸಿ. ಇನ್ನೂ ಉಜ್ಜಿದರೆ ಫ್ರೇಮನ್ನೇ ತಿನ್ನುತ್ತೀರಿ. ಹಳೆ ಅಂಟು ಬಿಡದಿದ್ದರೆ ಹೀಟ್ ಗನ್ನಿನಿಂದ ಬಿಸಿ ಮಾಡಿ, ಮೆತ್ತಗಾದಾಗ ಪಟ್ಟಿ ಅಲಗು ತೂರಿಸಿ ಎಬ್ಬಿಸಿ. ಒಳಗೆ ಅಡ್ಡ ಇರುವ ದಪ್ಪ ಕೊಳವೆ ಪಕ್ಕದಿಂದ ಗುದ್ದಿದಾಗ ತಡೆಯುವ ಬೀಮ್. ಅದಕ್ಕೆ ಬಿಸಿಯೂ ಬೇಡ, ಸುತ್ತಿಗೆಯೂ ಬೇಡ.

ಹೆಜ್ಜೆ 3. ಈಗ ಫ್ರೇಮಿನ ಅಂಚು ನೋಡಿ. ಕೆಳಗಿನ ಅಂಚು ತೂತುತೂತಾಗಿದ್ದರೆ ಇಲ್ಲಿಗೇ ಕೆಲಸ ಬಿಡಿ, ಇಡೀ ಬಾಗಿಲು ಬದಲಿಸಿ. ಅಂಚು ಗಟ್ಟಿಯಿದ್ದು ಬರೀ ಸೊಟ್ಟಗಾಗಿದ್ದರೆ ಸುತ್ತಿಗೆ, ಡಾಲಿ (ಶೀಟಿನ ಹಿಂದೆ ಆನಿಸಿ ಹಿಡಿಯುವ ಕಬ್ಬಿಣದ ಗಟ್ಟಿ) ಹಿಡಿದು ನೇರ ಮಾಡಿ. ಹೊಸ ಸ್ಕಿನ್ನನ್ನು ಅಂಟಿಲ್ಲದೆ ಒಣಗಲೇ ಕೂರಿಸಿ, ಕ್ಲಾಂಪ್ ಹಾಕಿ, ಟೇಪಿನ ಗುರುತಿನ ಜೊತೆ ತಾಳೆ ನೋಡಿ. ಎಷ್ಟು ಕ್ಲಾಂಪ್ ಬೇಕು, ಯಾವುದು ಎಲ್ಲಿ ಅಂತ ಈಗಲೇ ಗೊತ್ತಾಗಬೇಕು. ಅಂಟು ಹಾಕಿದ ಮೇಲೆ ಕ್ಲಾಂಪ್ ಹುಡುಕುವವರನ್ನು ನೋಡಿದ್ದೇನೆ. ನೋಡುವವರಿಗೆ ಅದೊಂದು ಯಕ್ಷಗಾನ.

ಹೆಜ್ಜೆ 4. ಎಲ್ಲಕ್ಕಿಂತ ದೊಡ್ಡ ಕೆಲಸ ಇದು, ಮೇಲ್ಮೈ ತಯಾರಿ. ಹಲಸಿನ ಹಣ್ಣು ಬಿಡಿಸುವ ಮೊದಲು ಕೈಗೆ, ಕತ್ತಿಗೆ ತೆಂಗಿನೆಣ್ಣೆ ಹಚ್ಚಿಕೊಳ್ಳುತ್ತೇವಲ್ವಾ? ಯಾಕೆ? ಎಣ್ಣೆ ಇದ್ದಲ್ಲಿ ಮೇಣ ಹಿಡಿಯುವುದಿಲ್ಲ. ಪ್ಯಾನೆಲ್ಲಿನ ಮೇಲೆ ಬೆವರಿನ ಬೆರಳಚ್ಚು, ಪಾಲಿಶ್, ಕಂಪ್ರೆಸರ್ ಗಾಳಿಯ ಜೊತೆ ಬಂದ ಎಣ್ಣೆ ಏನೇ ಇದ್ದರೂ ಅದೇ ಗತಿ.

ಮೊದಲು ಪ್ಯಾನೆಲ್ ಕ್ಲೀನರ್ ಹಾಕಿ ಒರೆಸಿ. ಆಮೇಲೆ ಅಂಟು ಕೂರುವ ಪಟ್ಟಿಯನ್ನು, ಸುಮಾರು 25 ಮಿ.ಮೀ. ಅಗಲ, ಹೊಳೆಯುವ ಬರಿಯ ಲೋಹ ಕಾಣುವವರೆಗೆ ಒರಟಾಗಿ ಉಜ್ಜಿ. ಹೊಸ ಸ್ಕಿನ್ನಿನ ಮೇಲಿರುವ ಕಪ್ಪು ಕೋಟಿಂಗನ್ನು ಪೂರ್ತಿ ತೆಗೆಯಬೇಕಾ, ಬರೀ ಗೀಚಿದರೆ ಸಾಕಾ ಅನ್ನುವುದು ಅಂಟಿನ ಕಂಪನಿ ಹೇಳಿದ ಹಾಗೆ. ಉಜ್ಜಿದ ಮೇಲೆ ಮತ್ತೆ ಕ್ಲೀನರ್. ಒಂದು ಬಟ್ಟೆಯಲ್ಲಿ ಒದ್ದೆ ಮಾಡಿ, ಆರುವ ಮೊದಲೇ ಇನ್ನೊಂದು ಶುದ್ಧ ಬಟ್ಟೆಯಲ್ಲಿ ಒರೆಸಿ. ಒಂದೇ ಬಟ್ಟೆಯಾದರೆ ಕೊಳೆಯನ್ನು ಇಲ್ಲಿಂದ ಅಲ್ಲಿಗೆ ಸಾಗಿಸಿದ ಹಾಗೆ ಅಷ್ಟೆ. ಇದರ ನಂತರ ಬರಿಗೈಯಲ್ಲಿ ಮುಟ್ಟಬಾರದು. ನೈಟ್ರೈಲ್ ಗ್ಲೌಸ್ ಹಾಕಿ. ಎಪಾಕ್ಸಿ ಚರ್ಮಕ್ಕೆ ತಾಗಿ ತಾಗಿ ಅಲರ್ಜಿ ಶುರುವಾದರೆ ಮತ್ತೆ ಬಿಡುವುದಿಲ್ಲ, ಹಾಗಾಗಿ ಗ್ಲೌಸ್ ನಿಮಗೂ ಒಳ್ಳೆಯದು.

ನನ್ನ ಮೊದಲ ಬಾಗಿಲು ಕೆಟ್ಟದ್ದು ಇಲ್ಲೇ. ಜುಲೈ ತಿಂಗಳು. ಬೆಳಿಗ್ಗೆ ಉಜ್ಜಿ ಇಟ್ಟೆ. ಕರೆಂಟ್ ಹೋಯಿತು, ಊಟ ಆಯಿತು, ಇನ್ಯಾರೋ ಬಂದರು. ಅಂಟು ಹಾಕುವಾಗ ಸಂಜೆ. ಲೋಹದ ಮೇಲೆ ಅರಿಶಿನ ಮುಟ್ಟಿದ ಕೈಯಿಂದ ಸವರಿದಂಥ ತೆಳು ಬಣ್ಣ ಬಂದಿತ್ತು. ಇಷ್ಟಕ್ಕೆ ಏನಾಗುತ್ತದೆ ಅಂದುಕೊಂಡೆ. ಮಾರನೆಯ ದಿನ ಕ್ಲಾಂಪ್ ತೆಗೆದು ಮೂಲೆ ಎಳೆದರೆ ಸ್ಟಿಕ್ಕರಿನ ಹಾಗೆ ಎದ್ದು ಬಂತು. ಅಂಟು ಹಿಡಿದದ್ದು ತುಕ್ಕನ್ನು, ಲೋಹವನ್ನಲ್ಲ. ನಮ್ಮ ಮಳೆಗಾಲದ ಗಾಳಿಯಲ್ಲಿ ಬರಿಯ ಉಕ್ಕಿಗೆ ತುಕ್ಕು ಹಿಡಿಯಲು ಕೆಲವೇ ಗಂಟೆ ಸಾಕು. ಉಜ್ಜಿದರೆ ಕೂಡಲೇ ಅಂಟಿಸಿ, ಇಲ್ಲದಿದ್ದರೆ ಮತ್ತೆ ಉಜ್ಜಿ. ಬೆಳಗಿನ ಹೊತ್ತು ಶೀಟು ತಣ್ಣಗಿದ್ದರೆ ಕಣ್ಣಿಗೆ ಕಾಣದ ಪಸೆಯೂ ಕೂತಿರುತ್ತದೆ. ಹೀಟ್ ಗನ್ ತೋರಿಸಿ ಸ್ವಲ್ಪ ಬೆಚ್ಚಗೆ ಮಾಡಿ.

ಹೆಜ್ಜೆ 5. ಟ್ಯೂಬಿಗೆ ಮಿಕ್ಸಿಂಗ್ ನಾಜಲ್ ಹಾಕುವ ಮೊದಲು ಸ್ವಲ್ಪ ಹಿಂಡಿ, ಎರಡೂ ಭಾಗ ಸಮನಾಗಿ ಬರುತ್ತಿದೆಯಾ ನೋಡಿ. ನಾಜಲ್ ಹಾಕಿದ ಮೇಲೆ ಮೊದಲು ಬಂದ ಒಂದು ಗೇಣು ಎಸೆಯಿರಿ, ಅದು ಸರಿಯಾಗಿ ಬೆರೆತಿರುವುದಿಲ್ಲ. ಉಜ್ಜಿದ ಅಷ್ಟೂ ಲೋಹದ ಮೇಲೆ ತೆಳುವಾಗಿ ಬಳಿಯಿರಿ, ಎಲ್ಲೂ ಬರಿಯ ಉಕ್ಕು ಕಾಣಬಾರದು. ಅದರ ಮೇಲೆ ಪೆನ್ಸಿಲ್ ದಪ್ಪದ ಒಂದು ಗೆರೆ ಎಳೆಯಿರಿ.

ಸಮಯದ ಲೆಕ್ಕದಲ್ಲಿ ಎಚ್ಚರ. ನಾನು ಬಳಸುವ ಅಂಟಿಗೆ 90 ನಿಮಿಷ ಕೆಲಸದ ಸಮಯ, 4 ಗಂಟೆ ಕ್ಲಾಂಪ್ ಅಂತ ಬರೆದಿದೆ. ಆದರೆ ಅದು 23 ಡಿಗ್ರಿಯ ಲೆಕ್ಕ. ನಮ್ಮೂರಲ್ಲಿ 23 ಡಿಗ್ರಿ ಎಲ್ಲಿದೆ? ಹತ್ತು ಡಿಗ್ರಿ ಏರಿದರೆ ಸಮಯ ಸುಮಾರು ಅರ್ಧಕ್ಕಿಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ ನಿಮ್ಮ ಕೈಯಲ್ಲಿರುವುದು ಮುಕ್ಕಾಲು ಗಂಟೆ ಅಂತಲೇ ಇಟ್ಟುಕೊಳ್ಳಿ. ನಡುವೆ ಫೋನ್ ಬಂದರೆ ಎತ್ತಬೇಡಿ.

ಬೀಮಿಗೂ ಸ್ಕಿನ್ನಿಗೂ ನಡುವೆ ಈ ಗಟ್ಟಿ ಅಂಟು ಹಾಕಬೇಡಿ. ಅಲ್ಲಿಗೆ ಮೆತ್ತಗೇ ಉಳಿಯುವ ರಬ್ಬರಿನಂಥ ಸೀಲರ್ ಬೇಕು, ಕಂಪನಿ ಹಾಕಿದ ಹಾಗೆ. ಗಟ್ಟಿ ಅಂಟು ಹಾಕಿದರೆ ಪೇಂಟ್ ಆದ ಮೇಲೆ ಬಿಸಿಲಲ್ಲಿ ಹೊರಗಿನಿಂದಲೇ ಅದರ ಗೆರೆ ಎದ್ದು ಕಾಣುತ್ತದೆ.

ಹೆಜ್ಜೆ 6. ಸ್ಕಿನ್ ಕೂರಿಸಿ. ಜಾಗ ತಪ್ಪಿದರೆ ಎತ್ತಬೇಡಿ, ಜಾರಿಸಿ. ಎತ್ತಿದರೆ ಅಂಟಿನೊಳಗೆ ಗಾಳಿ ಸೇರುತ್ತದೆ. ಕ್ಲಾಂಪನ್ನು ಹಿಡಿತ ಬರುವಷ್ಟು ಮಾತ್ರ ಬಿಗಿ ಮಾಡಿ. ಜೀವ ಬಿಟ್ಟು ಬಿಗಿದರೆ ಅಂಟೆಲ್ಲ ಹೊರಬಂದು ಒಳಗೆ ಏನೂ ಉಳಿಯುವುದಿಲ್ಲ. ಇದಕ್ಕೇ ಕೆಲವು ಅಂಟುಗಳಲ್ಲಿ ಸಣ್ಣ ಗಾಜಿನ ಮಣಿ ಬೆರೆಸಿರುತ್ತಾರೆ, ಎರಡು ಶೀಟಿನ ನಡುವೆ ಕೂದಲೆಳೆಯಷ್ಟು ಜಾಗ ಉಳಿಯಲಿ ಅಂತ.

ಅಂಚು ಮಡಿಚುವಾಗ ಒಂದೇ ಏಟಿಗೆ ಹೋಗಬೇಡಿ. ಸುತ್ತಲೂ ಒಂದು ಸುತ್ತು ಮೂವತ್ತು ಡಿಗ್ರಿ, ಇನ್ನೊಂದು ಸುತ್ತು ಅರವತ್ತು, ಕೊನೆಗೆ ಪೂರ್ತಿ. ಡಾಲಿಗೆ ಟೇಪ್ ಸುತ್ತಿ, ಹೊರಗೆ ಕಲೆ ಬೀಳುವುದಿಲ್ಲ. ಹೊರಗೆ ಬಂದ ಅಂಟನ್ನು ಈಗಲೇ ಒರೆಸಿ, ನಾಳೆ ಅದನ್ನು ತೆಗೆಯಲು ಗ್ರೈಂಡರೇ ಬೇಕಾಗುತ್ತದೆ.

ಅಂಟು ಹಸಿಯಿರುವಾಗಲೇ ಬಾಗಿಲನ್ನು ಕಾರಿಗೆ ಸಿಕ್ಕಿಸಿ ಗ್ಯಾಪ್ ನೋಡಿ. ಇಬ್ಬರು ಬೇಕು, ಕಷ್ಟವೂ ಹೌದು. ಆದರೆ ತಿರುಚಿದ ಬಾಗಿಲನ್ನು ಈಗ ಕೈಯಲ್ಲಿ ಒತ್ತಿ ಸರಿ ಮಾಡಬಹುದು. ಗಟ್ಟಿಯಾದ ಮೇಲೆ ದೇವರೇ ಗತಿ.

ಹೆಜ್ಜೆ 7. ಹಳೆ ಸ್ಕಿನ್ನಿನಿಂದ ಎರಡು ಪಟ್ಟಿ ಕತ್ತರಿಸಿ, ಹಾಗೆಯೇ ಉಜ್ಜಿ, ಅದೇ ಟ್ಯೂಬಿನ ಅಂಟು ಹಾಕಿ ಜೊತೆಯಲ್ಲೇ ಇಡಿ. ಮಾರನೆಯ ದಿನ ವೈಸಿಗೆ ಸಿಕ್ಕಿಸಿ ಕಿತ್ತು ನೋಡಿ. ಅಂಟು ಎರಡೂ ಪಟ್ಟಿಯ ಮೇಲೆ ಉಳಿದಿದ್ದರೆ ತಯಾರಿ ಸರಿ. ಒಂದು ಪಟ್ಟಿ ಕನ್ನಡಿಯ ಹಾಗೆ ಶುದ್ಧವಾಗಿ ಬಿಟ್ಟಿದ್ದರೆ ಎಲ್ಲೋ ಎಣ್ಣೆಯೋ ಪಸೆಯೋ ಇತ್ತು. ಬಾಗಿಲನ್ನೂ ಬಿಚ್ಚಬೇಕು. ಹೊಟ್ಟೆ ಉರಿಯುತ್ತದೆ, ಆದರೂ ಬಿಚ್ಚಬೇಕು. ಪೇಂಟ್ ಬೂತಿನ 60 ಡಿಗ್ರಿಯಿಂದ ಪೂರ್ತಿ ಗಟ್ಟಿಯಾದ ಅಂಟಿಗೆ ಏನೂ ಆಗುವುದಿಲ್ಲ, ಆದರೆ 24 ಗಂಟೆ ಕಾಯಿರಿ.

ರನ್ನಿಂಗ್ ಬೋರ್ಡಿಗೆ ವೆಲ್ಡಿಂಗ್

ನನಗೆ ಕೆಲಸ ಕಲಿಸಿದ ಹಿರಿಯ ಟಿಂಕರಣ್ಣ ಗ್ಯಾಸ್ ವೆಲ್ಡಿಂಗಿನಲ್ಲಿ ಅಂಬಾಸಿಡರಿಗೆ ಹೊಲಿಗೆ ಹಾಕಿದ ಹಾಗೆ ಕೆಲಸ ಮಾಡುತ್ತಿದ್ದರು. ಆ ಕೈಗೆ ನಮಸ್ಕಾರ. ಆದರೆ ಅದು ಅಂಬಾಸಿಡರಿನ ದಪ್ಪ ಶೀಟು. ಈಗಿನ ಹೊರ ಶೀಟು 0.7 ಅಥವಾ 0.8 ಮಿ.ಮೀ. ಇದ್ದರೆ ಹೆಚ್ಚು. ಗ್ಯಾಸಿನ ಜ್ವಾಲೆ ಬಿಸಿಯನ್ನು ಊರೆಲ್ಲ ಹರಡುತ್ತದೆ. ಈಗ ನಡೆಯುವುದು ಸ್ಪಾಟ್ ಮೆಷಿನ್, ಅದು ತಲುಪದಲ್ಲಿ ಸಿಒಟು ವೆಲ್ಡಿಂಗ್ (ಗಾಳಿ ತಾಗದ ಹಾಗೆ ಗ್ಯಾಸ್ ಬಿಟ್ಟು, ವಯರ್ ಕರಗಿಸಿ ಬೆಸೆಯುವುದು).

ಮೊದಲು ಉಕ್ಕು ಯಾವುದೆಂದು ತಿಳಿಯಿರಿ. ಎಷ್ಟೋ ಹೊಸ ಕಾರುಗಳ ನಡುವಿನ ಪಿಲ್ಲರ್ ಸುಮಾರು 900 ಡಿಗ್ರಿಗೆ ಕಾಯಿಸಿ ಅಚ್ಚಿನೊಳಗೇ ತಣಿಸಿದ ಉಕ್ಕು. ಮತ್ತೆ ಕಾಯಿಸಿದರೆ ಅದರ ಗಟ್ಟಿತನ ಹೋಯಿತು. ಅದನ್ನು ನಡುವೆ ಕತ್ತರಿಸಿ ಸೇರಿಸಬೇಡಿ, ಬಡಿದು ಎಳೆಯಲೂ ಬೇಡಿ. ಕಂಪನಿ ತೋರಿಸಿದ ಜೋಡಣೆಯಲ್ಲಿ ಪೂರ್ತಿ ಪೀಸ್ ಹಾಕಿ.

ಬ್ಯಾಟರಿ ಕಳಚಿದ ಮೇಲೆ ಸೀಟು, ಕಾರ್ಪೆಟ್, ಒಳಗಿನ ಫೋಮ್ ತೆಗೆಯಿರಿ. ಪೆಟ್ರೋಲ್ ಪೈಪ್ ಎಲ್ಲಿ ಹೋಗಿದೆ ನೋಡಿ. ಎಲೆಕ್ಟ್ರಿಕ್ ಕಾರಾದರೆ ಹೈ ವೋಲ್ಟೇಜ್ ಲೈನ್ ಕಳಚುವ ತರಬೇತಿ ಇಲ್ಲದವರು ಮುಟ್ಟಬಾರದು. ಗಾಜಿಗೆ ದಪ್ಪ ಬಟ್ಟೆ ಮುಚ್ಚಿ, ಗ್ರೈಂಡರ್ ಕಿಡಿ ಗಾಜಿಗೆ ಹೊಕ್ಕರೆ ತೆಗೆಯಲಾಗುವುದಿಲ್ಲ.

ಹಳೆ ಸ್ಪಾಟ್‌ಗಳನ್ನು ಸ್ಪಾಟ್ ಕಟರಿನಿಂದ ಮೇಲಿನ ಶೀಟಿನಷ್ಟು ಮಾತ್ರ ಕೊರೆದು ಬಿಡಿಸಿ. ಹೊಸ ಪೀಸಿನಲ್ಲಿ 8 ಮಿ.ಮೀ. ತೂತು ಹಾಕಿ (ಆ ತೂತನ್ನು ತುಂಬುವುದೇ ವೆಲ್ಡ್), ಕಂಪನಿಯ ಸ್ಪಾಟ್ ಎಷ್ಟಿತ್ತೋ ಅದಕ್ಕಿಂತ ಕಡಿಮೆ ಬೇಡ. ಎರಡೂ ಶೀಟು ಒಂದಕ್ಕೊಂದು ತಾಗುವ ಮುಖಕ್ಕೆ ಸತು ಇರುವ ವೆಲ್ಡ್ ಪ್ರೈಮರ್ ತೆಳುವಾಗಿ ಹೊಡೆಯಿರಿ. ವೆಲ್ಡ್ ಬೀಳುವ ತೂತಿನ ಒಳಗಿನ ಜಾಗದಿಂದ ಅದನ್ನು ಕೆರೆದು ತೆಗೆಯಿರಿ, ಇಲ್ಲದಿದ್ದರೆ ವೆಲ್ಡ್ ಕಕ್ಕುತ್ತದೆ. ಕ್ಲಾಂಪ್ ಬಿಗಿಯಾಗಿ ಹಾಕಿ, ಎರಡು ಶೀಟಿನ ನಡುವೆ ಸಂದು ಬೇಡ. 0.6 ಅಥವಾ 0.8 ಮಿ.ಮೀ. ವಯರ್ ಸಾಕು.

ಕಾರಿಗೆ ಮುಟ್ಟಿಸುವ ಮೊದಲು ಅದೇ ದಪ್ಪದ ಎರಡು ತುಂಡಿನಲ್ಲಿ ಟೆಸ್ಟ್ ಮಾಡಿ. ವೈಸಿನಲ್ಲಿಟ್ಟು ಕಿತ್ತರೆ ವೆಲ್ಡ್ ಬಿಡಬಾರದು. ಕೆಳಗಿನ ಶೀಟು ಹರಿದು ತೂತಾಗಬೇಕು.

ಒಂದು ವೆಲ್ಡ್ ಈ ತುದಿಗೆ, ಮುಂದಿನದು ಆ ತುದಿಗೆ, ಮತ್ತೆ ನಡುವೆ. ಸಾಲಾಗಿ ಹೊಡೆದರೆ ಬಿಸಿ ಒಂದೇ ಕಡೆ ಸೇರಿ ಶೀಟು ಅಲೆಅಲೆಯಾಗುತ್ತದೆ. ಇನ್ನೊಂದು ಮಾತು, ಸಮುದ್ರದ ಹತ್ತಿರದವರಿಗೆ ಮಾತ್ರ. ಮಧ್ಯಾಹ್ನದ ಮೇಲೆ ಪಡುವಣ ಗಾಳಿ ಬೀಸಿದರೆ ವೆಲ್ಡನ್ನು ಕಾಯುವ ಗ್ಯಾಸ್ ಹಾರಿಹೋಗುತ್ತದೆ. ವೆಲ್ಡ್ ನೀರುದೋಸೆಯ ಹಾಗೆ ತೂತುತೂತು. ಮೆಷಿನ್ ಸೆಟ್ಟಿಂಗ್ ತಿರುಗಿಸುತ್ತಾ ಅರ್ಧ ದಿನ ಕಳೆದ ಮೇಲೆ ನನಗೆ ಇದು ಹೊಳೆದದ್ದು. ಪಶ್ಚಿಮಕ್ಕೆ ಒಂದು ಟಾರ್ಪಾಲು ಕಟ್ಟಿ.

ಆದರೆ ನಿಮ್ಮ ಉಸಿರಿಗೆ ಗಾಳಿ ಬೇಕೇ ಬೇಕು, ಮಾಸ್ಕೂ ಬೇಕು. ಸತು ಸುಟ್ಟ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ. ಹಾಲು ಕುಡಿದರೆ ಸರಿ ಹೋಗುತ್ತದೆ ಅಂತ ವೆಲ್ಡರ್‌ಗಳ ನಂಬಿಕೆ. ಹಾಲು ಹೋಗುವುದು ಹೊಟ್ಟೆಗೆ, ಹೊಗೆ ಹೋಗಿರುವುದು ಶ್ವಾಸಕೋಶಕ್ಕೆ.

ಎರಡೂ ಸೇರುವಲ್ಲಿ

ಕ್ವಾರ್ಟರ್ ಪ್ಯಾನೆಲ್‌ನಲ್ಲಿ ಸಾಮಾನ್ಯವಾಗಿ ಎರಡೂ ಬರುತ್ತದೆ. ಚಕ್ರದ ಕಮಾನಿನ ಮಡಿಕೆಗೆ ಅಂಟು, ಬಾಗಿಲು ಕೂರುವ ಅಂಚಿಗೆ ಸ್ಪಾಟ್. ಕಂಪನಿ ಒಪ್ಪಿದಲ್ಲಿ ಹಸಿ ಅಂಟಿನ ಮೇಲೆಯೇ ಸ್ಪಾಟ್ ಮೆಷಿನ್ನಿನ ಚಿಮಟ ಒತ್ತಬಹುದು. ಅದು ಅಂಟನ್ನು ಪಕ್ಕಕ್ಕೆ ಹಿಂಡಿ ಲೋಹಕ್ಕೆ ಲೋಹ ಮುಟ್ಟಿಸುತ್ತದೆ. ಸಿಒಟು ವೆಲ್ಡಿಂಗನ್ನು ಮಾತ್ರ ಅಂಟಿನ ಮೇಲೆ ಮಾಡಬೇಡಿ. ಅಂಟು ಸುಟ್ಟು ಕರಕಲಾಗಿ ವೆಲ್ಡೂ ಹಾಳು, ಅಂಟೂ ಹಾಳು. ಅಂಥಲ್ಲಿ ಎರಡರ ನಡುವೆ ಎರಡು ಬೆರಳು ಜಾಗ ಬಿಡಿ.

ಕಾರು ಕೊಡುವ ಮೊದಲು

ಅಂಟೋ ವೆಲ್ಡೋ, ಕೊನೆಯ ಕೆಲಸ ಒಂದೇ. ಬರಿಯ ಲೋಹಕ್ಕೆ ಎಪಾಕ್ಸಿ ಪ್ರೈಮರ್, ಅಂಚಿಗೆ ಸೀಮ್ ಸೀಲರ್, ಪೇಂಟ್. ಪೇಂಟ್ ಆರಿದ ಮೇಲೆ ಒಳಗಿನ ಟೊಳ್ಳಿಗೆ ಉದ್ದ ಕೊಳವೆಯ ಸ್ಪ್ರೇಯಿಂದ ವ್ಯಾಕ್ಸ್. ರನ್ನಿಂಗ್ ಬೋರ್ಡಿಗೆ ವೆಲ್ಡ್ ಮಾಡಿ ವ್ಯಾಕ್ಸ್ ಹೊಡೆಯದೆ ಕೊಟ್ಟರೆ ಎರಡು ಮಳೆಗಾಲದ ಮಟ್ಟಿಗೆ ಮಾತ್ರ ರಿಪೇರಿ ಮಾಡಿದ ಹಾಗೆ.

ಆಮೇಲೆ ಬಾಗಿಲಿನ ತಳದ ತೂತುಗಳು. ಗಾಜಿನ ಬದಿಯಿಂದ ಒಳಗಿಳಿದ ಮಳೆನೀರು ಹೊರಹೋಗುವುದು ಅಲ್ಲಿಂದಲೇ. ಸೀಲರ್ ಹಚ್ಚುವ ಉತ್ಸಾಹದಲ್ಲಿ ಹುಡುಗರು ಅದನ್ನೂ ಮುಚ್ಚಿಬಿಡುತ್ತಾರೆ. ನಾನು ಒಂದು ಚೊಂಬು ನೀರನ್ನು ಗಾಜಿನ ಸಂದಿಯಿಂದ ಸುರಿದು, ಬಾಗಿಲ ಕೆಳಗೆ ಕೂತು ನೋಡುತ್ತೇನೆ. ಎಲ್ಲ ತೂತಿನಿಂದಲೂ ನೀರು ಇಳಿಯಬೇಕು. ಶಿರಾಡಿ ಘಾಟಿಯ ಚಿಂತೆ ಮಾಡಿದ್ದ ಆ ಗಿರಾಕಿ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಇದನ್ನು ನೋಡಿದರು. ಮೂರನೇ ತೂತಿನಿಂದ ನೀರು ಬರಲಿಲ್ಲ. ಸೈಕಲ್ ಸ್ಪೋಕ್ ಒಂದನ್ನು ತೂರಿಸಿದೆ, ಹಸಿ ಸೀಲರ್ ಅಂಟಿಕೊಂಡು ಬಂತು, ಹಿಂದೆಯೇ ನೀರೂ ಇಳಿಯಿತು.